ಬೆಕ್ಕು ದೂರ ಹೋಗಿರುವುದಿಲ್ಲ

ದೀಪಾವಳಿ ಕಳೆದ ಮರುವಾರ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ. ಪಟಾಕಿ ಸದ್ದಿಗೆ ಬೆದರಿ ಬೆಕ್ಕು ಹೊರಗೆ ಓಡಿತು, ಇನ್ನೂ ಬಂದಿಲ್ಲ, ಎಲ್ಲಿ ಅಂತ ಹುಡುಕಲಿ? ಬಾಡಿಗೆ ಮನೆ ಬದಲಾಯಿಸುವ ಏಪ್ರಿಲ್, ಮೇ ತಿಂಗಳಲ್ಲೂ ಇದೇ ಪ್ರಶ್ನೆ ಬರುತ್ತದೆ. ಪೇಂಟಿಂಗ್ ಕೆಲಸಕ್ಕೆಂದು ಬಾಗಿಲು ತೆರೆದಿಟ್ಟ ಮನೆಗಳಿಂದಲೂ ಬರುತ್ತದೆ. ಬರೆದವರಲ್ಲಿ ಹೆಚ್ಚಿನವರು ಕೊನೆಗೆ ಇನ್ನೊಂದು ಸಾಲು ಸೇರಿಸಿರುತ್ತಾರೆ: ‘ಬೆಕ್ಕು ತಾನೆ, ಅದಾಗೇ ಬರುತ್ತೆ ಬಿಡಿ ಅಂತ ಎಲ್ಲರೂ ಹೇಳ್ತಾರೆ, ಕಾಯಲೋ ಹುಡುಕಲೋ ತಿಳೀತಿಲ್ಲ.’ ಹುಡುಕಿ ಎಂದೇ ನನ್ನ ಉತ್ತರ. ಇವತ್ತೇ ಹುಡುಕಿ, ಹತ್ತಿರದಲ್ಲೇ ಹುಡುಕಿ. ಯಾಕೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

‘ಅದಾಗೇ ಬರುತ್ತೆ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ಮನಸ್ಸಿನಲ್ಲಿರುವ ಬೆಕ್ಕೇ ಬೇರೆ. ನಾನು ಬೆಳೆದ ಮಲೆನಾಡಿನ ಮನೆಯಲ್ಲಿ ಹಾಲು ಕರೆಯುವ ಹೊತ್ತಿಗೆ ಬೆಕ್ಕು ಕೊಟ್ಟಿಗೆಯಲ್ಲಿರುತ್ತಿತ್ತು, ಮಧ್ಯಾಹ್ನ ಅಟ್ಟದ ಮೇಲೆ, ಚಳಿಗಾಲದ ರಾತ್ರಿ ಬಚ್ಚಲೊಲೆಯ ಬಿಸಿ ಬೂದಿಯ ಪಕ್ಕ. ಎರಡು ದಿನ ಕಾಣದಿದ್ದರೆ ಅಜ್ಜಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ‘ಕೆಳಗಿನ ಮನೆಯವರ ಕಣಜದಲ್ಲಿ ಇಲಿ ಜಾಸ್ತಿಯಾಗಿದೆಯಂತೆ, ಅಲ್ಲಿರ್ತದೆ’ ಎನ್ನುತ್ತಿದ್ದರು. ಅದು ಅಲ್ಲೇ ಇರುತ್ತಿತ್ತು ಕೂಡ. ಮರಿ ಹಾಕಿದ ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಗೋಣಿಚೀಲಕ್ಕೆ ಹಾಕಿ ಹೊಳೆಯಾಚೆ ಬಿಟ್ಟು ಬಂದ ಬೆಕ್ಕು ವಾರದೊಳಗೆ ಜಗಲಿ ಮೇಲೆ ಕೂತಿದ್ದ ಕಥೆ ಊರೂರಿನಲ್ಲೂ ಇದೆ. ಆ ಬೆಕ್ಕಿಗೆ ಯಾವ ಬೇಲಿಯಲ್ಲಿ ಸಂದಿ ಇದೆ, ಯಾವ ಮನೆಯ ನಾಯಿ ಕಟ್ಟಿಹಾಕಿದ್ದು, ಯಾವುದು ಬಿಟ್ಟದ್ದು ಎಲ್ಲವೂ ಗೊತ್ತಿತ್ತು. ಕೇರಿಗೆ ಕೇರಿಯೇ ಅದರ ಮನೆ.

ಇಂದು ನನಗೆ ಪತ್ರ ಬರೆಯುವವರ ಬೆಕ್ಕು ಹಾಗಲ್ಲ. ಅದು ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಮರಿಯಾಗಿದ್ದಾಗಿಂದ ಬೆಳೆದದ್ದು. ಬಾಲ್ಕನಿಯ ಬಲೆಯಾಚೆಗಿನ ಲೋಕವನ್ನು ಕಂಡಿದೆ, ತುಳಿದಿಲ್ಲ. ಬಾಗಿಲಾಚೆ ಹೋದ ಗಳಿಗೆಯಿಂದ ಅದಕ್ಕೆ ಎಲ್ಲ ವಾಸನೆಯೂ ಅಪರಿಚಿತ, ಎಲ್ಲ ಸದ್ದೂ ಅಪಾಯ. ಊರಿನ ಬೆಕ್ಕು ತಿರುಗಾಡಲು ಹೋಗುತ್ತಿತ್ತು. ಈ ಬೆಕ್ಕು ಅವಿತುಕೊಳ್ಳಲು ಹೋಗುತ್ತದೆ. ಊರಿನ ಬೆಕ್ಕಿನ ವಿಷಯದಲ್ಲಿ ಕಾಯುವುದು ಸರಿಯಾಗಿತ್ತು. ಈ ಬೆಕ್ಕಿನ ವಿಷಯದಲ್ಲಿ ಕಾಯುವುದೆಂದರೆ, ಕೈಗೆಟಕುವ ದೂರದಲ್ಲಿರುವುದನ್ನು ಬಿಟ್ಟುಕೊಟ್ಟಂತೆ.

ಇದು ನನ್ನೊಬ್ಬಳ ಊಹೆಯಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಜಾಕಿ ರ‍್ಯಾಂಡ್ ಮತ್ತು ಸಂಗಡಿಗರು ಬೆಕ್ಕು ಕಳೆದುಕೊಂಡ 1,210 ಮಂದಿಯನ್ನು ವಿಚಾರಿಸಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆ ತಂಡದಲ್ಲಿ ಅಮೆರಿಕದ ಕ್ಯಾಟ್ ಆಲ್‌ಬ್ರೆಕ್ಟ್ ಕೂಡ ಇದ್ದರು. ಆಕೆ ಮೊದಲು ಪೊಲೀಸ್ ಇಲಾಖೆಯಲ್ಲಿ ಮೂಸುನಾಯಿಗಳೊಂದಿಗೆ ಕೆಲಸ ಮಾಡುತ್ತಿದ್ದವರು. ಆಮೇಲೆ ಕಳೆದುಹೋದ ಸಾಕುಪ್ರಾಣಿಗಳನ್ನು ಪತ್ತೆದಾರರ ಕ್ರಮದಲ್ಲಿ ಹುಡುಕುವುದನ್ನೇ ಬದುಕಿನ ಕೆಲಸ ಮಾಡಿಕೊಂಡರು. ಅಧ್ಯಯನದಲ್ಲಿ ಸಿಕ್ಕ ಬೆಕ್ಕುಗಳ ಪೈಕಿ ಮುಕ್ಕಾಲು ಪಾಲು ಸಿಕ್ಕಿದ್ದು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೆ. ಮನೆಯೊಳಗೇ ಬೆಳೆದ ಬೆಕ್ಕುಗಳನ್ನಷ್ಟೇ ಲೆಕ್ಕ ಹಾಕಿದರೆ ಮುಕ್ಕಾಲು ಪಾಲು 137 ಮೀಟರ್ ದಾಟಿರಲಿಲ್ಲ. ಹೊರಗೆ ತಿರುಗಿ ಅಭ್ಯಾಸವಿದ್ದವುಗಳಿಗೆ ಇದೇ ಅಳತೆ 1,609 ಮೀಟರ್. 137 ಮೀಟರ್ ಎಂದರೆ ಎಷ್ಟು? ನಮ್ಮ ಬಡಾವಣೆಯಲ್ಲಿ ಒಂದು ಕ್ರಾಸಿನ ಈ ತುದಿಯಿಂದ ಆ ತುದಿ. ನೀವು ಸ್ಕೂಟರ್ ಹತ್ತಿ ಪಕ್ಕದ ಬಡಾವಣೆಗಳಲ್ಲಿ ಹೆಸರು ಕೂಗುತ್ತಾ ಸುತ್ತುವಾಗ, ಬೆಕ್ಕು ಎದುರುಮನೆಯ ನೀರಿನ ಮೋಟಾರಿನ ಹಿಂದೆ ಮುದುಡಿ ಕೂತಿರುವ ಸಾಧ್ಯತೆಯೇ ಹೆಚ್ಚು.

ಹಾಗಾದರೆ ಕರೆದರೆ ಯಾಕೆ ಓಗೊಡುವುದಿಲ್ಲ? ಕಳೆದುಕೊಂಡವರನ್ನು ಅತಿ ಹೆಚ್ಚು ನೋಯಿಸುವುದು ಈ ಪ್ರಶ್ನೆಯೇ. ನನ್ನ ದನಿ ಗುರುತಿದ್ದರೆ ಬರುತ್ತಿತ್ತಲ್ಲ, ಬರಲಿಲ್ಲ ಎಂದರೆ ಇಲ್ಲಿಲ್ಲ, ಅಥವಾ ಬದುಕಿಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಎರಡೂ ತಪ್ಪು. ಜಪಾನಿನ ಅತ್ಸುಕೊ ಸೈತೊ ಎಂಬ ಸಂಶೋಧಕಿ 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಬೆಕ್ಕುಗಳಿಗೆ ಅಪರಿಚಿತರ ದನಿಯನ್ನೂ ಸಾಕಿದವರ ದನಿಯನ್ನೂ ರೆಕಾರ್ಡಿಂಗ್‌ನಲ್ಲಿ ಕೇಳಿಸಿದರು. ಸಾಕಿದವರ ದನಿ ಅವಕ್ಕೆ ಗುರುತಾಯಿತು. ಗುರುತಾದದ್ದು ತಿಳಿದದ್ದು ಹೇಗೆಂದರೆ ಕಿವಿ ಹೊರಳಿತು, ತಲೆ ತಿರುಗಿತು, ಅಷ್ಟೇ. ಹೆಚ್ಚಿನವು ಎದ್ದೂ ಬರಲಿಲ್ಲ, ಕೂಗಲೂ ಇಲ್ಲ. ತಮ್ಮ ಮನೆಯೊಳಗೆ ನೆಮ್ಮದಿಯಾಗಿದ್ದಾಗಲೇ ಹೀಗೆ. ಭಯದಲ್ಲಿರುವ ಬೆಕ್ಕಿಗೆ ಮೌನವೇ ರಕ್ಷೆ. ಬೆಕ್ಕು ಬೇಟೆಯಾಡುವ ಪ್ರಾಣಿ ನಿಜ, ಆದರೆ ತನಗಿಂತ ದೊಡ್ಡ ಪ್ರಾಣಿಗಳಿಗೆ ತಾನೇ ಬೇಟೆ ಕೂಡ. ಗಾಯವಾದಾಗ, ಜ್ವರ ಬಂದಾಗ, ಗೊತ್ತಿಲ್ಲದ ಜಾಗದಲ್ಲಿ ಸಿಕ್ಕಿಹಾಕಿಕೊಂಡಾಗ ದನಿ ಎತ್ತಿದರೆ ಇದ್ದ ಜಾಗ ಬಯಲಾಗುತ್ತದೆ. ನೀವು ಕರೆದದ್ದು ಅದಕ್ಕೆ ಕೇಳಿಸಿದೆ, ನೀವೆಂದು ಗೊತ್ತಾಗಿದೆ, ಆದರೂ ಅದು ಉಸಿರು ಬಿಗಿಹಿಡಿದು ಕೂತಿದೆ. ನಿಮ್ಮ ಮೇಲಿನ ಪ್ರೀತಿ ಕಡಿಮೆಯಾಯಿತೆಂದಲ್ಲ.

ನಮ್ಮ ಕಟ್ಟಡದ ಮೂರನೇ ಮಹಡಿಯ ಬೆಕ್ಕು ಮಲ್ಲಿ ನನಗೆ ಇದನ್ನು ಕಣ್ಣಾರೆ ತೋರಿಸಿದಳು. ಲಿಫ್ಟ್ ರಿಪೇರಿಯವರು ಬಂದು ಹೋದ ಸಂಜೆ ಅವಳು ಕಾಣೆಯಾದಳು. ನಾವೆಲ್ಲ ಸೇರಿ ರಸ್ತೆ, ಪಾರ್ಕು, ಖಾಲಿ ಸೈಟು ಎಲ್ಲ ಹುಡುಕಿದೆವು. ಸಿಕ್ಕಿದ್ದು ಕೆಲವು ದಿನಗಳ ನಂತರ, ನೆಲಮಹಡಿಯ ಪಾರ್ಕಿಂಗಿನಲ್ಲಿ, ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ಬಾಗಿಲುಗಳ ಹಿಂದೆ. ಆ ಬಾಗಿಲುಗಳ ಪಕ್ಕದಲ್ಲೇ ನಿಂತು ಅವಳ ಹೆಸರು ಕೂಗಿದವರಲ್ಲಿ ಅವಳನ್ನು ಸಾಕಿದವರೂ ಇದ್ದರು. ಅವಳು ಒಂದು ಸಲವೂ ದನಿ ಎತ್ತಿರಲಿಲ್ಲ. ಕೊನೆಗೆ ಕಂಡದ್ದು ರಾತ್ರಿ ಟಾರ್ಚ್ ಬೆಳಕಿಗೆ ಹೊಳೆದ ಎರಡು ಕಣ್ಣು.

ಆದ್ದರಿಂದ ಹುಡುಕಾಟ ನಿಮ್ಮ ಹೊಸ್ತಿಲಿಂದ ಶುರುವಾಗಲಿ. ನಿಜಕ್ಕೂ ಹೊರಗೆ ಹೋಗಿದೆಯೇ ಎಂಬುದನ್ನೇ ಮೊದಲು ಖಾತ್ರಿ ಮಾಡಿಕೊಳ್ಳಿ: ಬೀರು, ಮಂಚದ ಪೆಟ್ಟಿಗೆ, ವಾಷಿಂಗ್ ಮಷೀನಿನ ಒಳಗೆ ಮತ್ತು ಹಿಂದೆ, ಸಜ್ಜಾದ ಮೇಲಿನ ಸೂಟ್‌ಕೇಸುಗಳು, ಸೋಫಾದ ತಳದ ಹರಿದ ಬಟ್ಟೆ. ಮೇಲಿನ ಮಹಡಿಯವರಾದರೆ ಬಾಲ್ಕನಿಯ ನೇರ ಕೆಳಗೆ ಹೋಗಿ. ಅಷ್ಟು ಎತ್ತರದಿಂದ ಬಿದ್ದರೆ ಬದುಕಿರುತ್ತದೆಯೇ ಎಂದು ಹಿಂಜರಿಯಬೇಡಿ. ಕಟ್ಟಡಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಲೆಕ್ಕವನ್ನು ನ್ಯೂಯಾರ್ಕಿನ ಪಶುವೈದ್ಯರು 1987ರಲ್ಲಿ ಪ್ರಕಟಿಸಿದ್ದರು. ಚಿಕಿತ್ಸೆ ಸಿಕ್ಕವುಗಳಲ್ಲಿ ಶೇ 90ರಷ್ಟು ಬದುಕಿದವು. ಎದೆಗೆ, ದವಡೆಗೆ, ಕಾಲಿಗೆ ಪೆಟ್ಟಾಗಿರುತ್ತದೆ. ಬಿದ್ದ ಜಾಗದಿಂದ ತೆವಳಿ ಹತ್ತಿರದ ಗಿಡದ ಬುಡಕ್ಕೋ ಡಕ್ಟಿನ ಸಂದಿಗೋ ಸೇರಿರುತ್ತವೆ. ಬೇಗ ಸಿಕ್ಕರೆ ಉಳಿಯುತ್ತವೆ.

ಆಮೇಲೆ ಅಕ್ಕಪಕ್ಕದ ಮನೆಗಳು. ಗೇಟಿನಲ್ಲಿ ನಿಂತು ‘ನಮ್ಮ ಬೆಕ್ಕು ನೋಡಿದ್ರಾ’ ಎಂದು ಕೇಳಿ ಬರುವುದು ಸಾಲದು. ಅವರು ನೋಡಿರುವುದಿಲ್ಲ, ಯಾಕೆಂದರೆ ಅದು ಕಾಣದ ಹಾಗೆ ಕೂತಿದೆ. ‘ಆಂಟಿ, ಒಂದೈದು ನಿಮಿಷ ನಿಮ್ಮ ಕಾಂಪೌಂಡಿನೊಳಗೆ ನಾನೇ ನೋಡ್ಲಾ?’ ಎಂದು ಕೇಳಿ ಒಳಗೆ ಹೋಗಿ. ಮೆಟ್ಟಿಲ ಕೆಳಗಿನ ಗೂಡು, ಸೌದೆ ರಾಶಿ, ಮುಚ್ಚಿಟ್ಟ ಕಾರಿನ ಹೊದಿಕೆಯ ಅಡಿ, ಬಾನೆಟ್ಟಿನ ಒಳಗೆ, ಮಹಡಿಯ ಟ್ಯಾಂಕಿನ ಹಿಂದೆ, ಕಟ್ಟುತ್ತಿರುವ ಮನೆಯ ಸೆಂಟ್ರಿಂಗ್ ಹಲಗೆಗಳ ನಡುವೆ ನೋಡಿ. ಸಂಪಿನ ಮುಚ್ಚಳ ಸರಿದಿದ್ದರೆ ಇಣುಕಲು ಹಿಂಜರಿಯಬೇಡಿ. ಗ್ಯಾರೇಜು, ಗೋಡೌನು, ಬೀಗ ಹಾಕಿ ಊರಿಗೆ ಹೋದವರ ಮನೆಯ ಸ್ಟೋರ್ ರೂಮು ಇವೆಲ್ಲ ಬೆಕ್ಕಿಗೆ ಆಕಸ್ಮಿಕವಾಗಿ ಜೈಲಾಗುವ ಜಾಗಗಳು. ಊರಿಗೆ ಹೋದವರಿಗೆ ಫೋನ್ ಮಾಡಿ ಕೀಲಿ ತರಿಸಿ ನೋಡುವಷ್ಟು ಒತ್ತಾಯ ಮಾಡಬಹುದು, ನಾಚಿಕೆ ಬೇಡ. 2018ರ ಅಧ್ಯಯನವೂ ಕೈಯಾರೆ ಹುಡುಕಿದವರಿಗೆ ಬೆಕ್ಕು ಸಿಗುವ ಸಾಧ್ಯತೆ ಹೆಚ್ಚೆಂಬ ಕಡೆಗೇ ಬೊಟ್ಟು ಮಾಡುತ್ತದೆ.

ಹಗಲಿಗಿಂತ ರಾತ್ರಿ ವಾಸಿ. ವಾಹನಗಳ ಸದ್ದಡಗಿದ ಮೇಲೆ, ಬೀದಿನಾಯಿಗಳು ಮಲಗಿದ ಮೇಲೆ, ಅಡಗಿದ ಬೆಕ್ಕು ಮೆಲ್ಲನೆ ಅಲುಗಾಡುವುದು ಆಗಲೇ. ಬೆಕ್ಕಿನ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಬಂದ ದಾರಿಯಲ್ಲೇ ತಿರುಗಿಸಿ ಕಳಿಸುವ ಪೊರೆಯೊಂದಿದೆ. ಹಾಗಾಗಿ ಟಾರ್ಚನ್ನು ಸೊಂಟದ ಬಳಿ ಹಿಡಿಯದೆ ನಿಮ್ಮ ಕಣ್ಣಿನ ಮಟ್ಟಕ್ಕೆ, ಕೆನ್ನೆಯ ಪಕ್ಕದಲ್ಲಿ ಹಿಡಿಯಿರಿ. ಆ ಹೊಳಪು ನೇರ ನಿಮ್ಮ ಕಣ್ಣಿಗೇ ಬರುತ್ತದೆ. ಬಗ್ಗಿ, ನೆಲಕ್ಕೆ ಕೆನ್ನೆ ಹಚ್ಚಿ, ಕಾರುಗಳ ಅಡಿ ನೋಡಿ. ಕೂಗುವುದಾದರೆ ಮನೆಯಲ್ಲಿ ಊಟಕ್ಕೆ ಕರೆಯುವ ದನಿಯಲ್ಲಿ ಕರೆಯಿರಿ. ಅಳುತ್ತಾ ಕೂಗುವ ದನಿ ಅದಕ್ಕೂ ಹೊಸದು. ಹತ್ತು ಜನ ಸೇರಿ ಹುಡುಕಿದರೆ ಒಳ್ಳೆಯದೆಂದು ತೋರುತ್ತದೆ, ಆದರೆ ಬೆದರಿದ ಬೆಕ್ಕನ್ನು ಅದು ಇನ್ನಷ್ಟು ಒಳಕ್ಕೆ ತಳ್ಳುತ್ತದೆ. ಮನೆಯವರು ಒಬ್ಬರೋ ಇಬ್ಬರೋ ಸಾಕು. ಕಂಡ ಕೂಡಲೇ ಎರಗಿ ಹಿಡಿಯಬೇಡಿ. ಅಲ್ಲೇ ಕೂತು, ಒಣಮೀನೋ ಅದಕ್ಕೆ ಇಷ್ಟವಾದ ತಿಂಡಿಯೋ ಮುಂದಿಟ್ಟು ಕಾಯಿರಿ. ಗಾಬರಿಯಲ್ಲಿ ಸಾಕಿದ ಬೆಕ್ಕೂ ಕಚ್ಚುತ್ತದೆ. ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ವೈದ್ಯರ ಬಳಿ ರೇಬಿಸ್ ಚುಚ್ಚುಮದ್ದಿನ ವಿಚಾರ ಕೇಳಿ.

ಮರಳು ತುಂಬಿದ ಕಕ್ಕಸಿನ ಟ್ರೇಯನ್ನು ಹೊರಗಿಟ್ಟರೆ ವಾಸನೆ ಹಿಡಿದು ಬರುತ್ತದೆ ಎಂಬ ಸಲಹೆ ಬಹಳ ಓಡಾಡುತ್ತದೆ. ನನಗೆ ಒಪ್ಪಿಗೆಯಿಲ್ಲ. ಆ ವಾಸನೆಗೆ ಬೀದಿಯ ಗಂಡು ಬೆಕ್ಕುಗಳೂ ಬರುತ್ತವೆ, ನಿಮ್ಮ ಅಂಜುಬುರುಕ ಬೆಕ್ಕು ಅವನ್ನು ದಾಟಿ ಬರಬೇಕಾಗುತ್ತದೆ. ಅದು ಮಲಗುವ ಹೊದಿಕೆ, ನೀವು ಉಟ್ಟು ಬಿಟ್ಟ ಬಟ್ಟೆ ಬಾಗಿಲ ಬಳಿ ಇರಲಿ, ಪಕ್ಕದಲ್ಲಿ ನೀರು. ಬಾಗಿಲನ್ನೋ ಕಿಟಕಿಯನ್ನೋ ರಾತ್ರಿ ಸ್ವಲ್ಪ ತೆರೆದಿಡಲು ಆಗುವ ಮನೆಯಾದರೆ ಇನ್ನೂ ಒಳ್ಳೆಯದು. ಪಕ್ಕದ ಅಂಗಡಿಯ ಸಿಸಿಟಿವಿಯಲ್ಲಿ ರಾತ್ರಿ ಎರಡರಿಂದ ಐದರವರೆಗಿನ ಭಾಗ ನೋಡಲು ಕೇಳಿ. ಇರುವ ಜಾಗ ಗೊತ್ತಾಗಿ ಕೈಗೆ ಮಾತ್ರ ಸಿಗದಿದ್ದರೆ, ಪ್ರಾಣಿದಯಾ ಸಂಘದವರ ಬಳಿ ಗಾಯ ಮಾಡದ ಬೋನು ಇರುತ್ತದೆ.

ಇಷ್ಟು ವರ್ಷದ ಪತ್ರಗಳಿಂದ ನಾನು ಕಲಿತ ಇನ್ನೊಂದು ಸಂಗತಿ ಇದೆ. ಬೆಕ್ಕನ್ನು ಕಂಡವರು ಬಹುಪಾಲು ಯಾರು ಗೊತ್ತೇ? ಬೆಳಗಿನ ಜಾವ ಬೀದಿಯಲ್ಲಿರುವವರು. ಪೌರಕಾರ್ಮಿಕರು, ಹಾಲು ಹಾಕುವವರು, ಪೇಪರ್ ಹುಡುಗರು, ರಾತ್ರಿ ಪಾಳಿಯ ಸೆಕ್ಯುರಿಟಿಯವರು, ಮೀನು ಮಾರಲು ಬರುವ ಅಮ್ಮ, ಇಸ್ತ್ರಿ ಗಾಡಿಯವರು. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ ಹಾಕಿ ಸುಮ್ಮನಾಗುವವರು ಇವರನ್ನು ಮರೆತುಬಿಡುತ್ತಾರೆ. ಮಲ್ಲಿಯನ್ನು ಹುಡುಕುವಾಗ ಬೀದಿ ಗುಡಿಸುವ ಅಕ್ಕ ಒಬ್ಬರು, ‘ಪಾರ್ಕಿಂಗ್ ಕಡೆಯಿಂದ ಬೆಳಿಗ್ಗೆ ಒಂದು ಬಿಳಿ ಬಾಲ ಕಂಡಂಗಾಯ್ತು ಕಣಮ್ಮಾ’ ಎಂದಿದ್ದರಿಂದಲೇ ನಾವು ರಸ್ತೆ ಬಿಟ್ಟು ಕಟ್ಟಡದೊಳಕ್ಕೆ ಮರಳಿದ್ದು. ಒಂದು ಕಾಗದದಲ್ಲಿ ದೊಡ್ಡದಾಗಿ ಬೆಕ್ಕಿನ ಚಿತ್ರ, ಕನ್ನಡದಲ್ಲಿ ಎರಡು ಸಾಲು, ಫೋನ್ ನಂಬರ್ ಇಷ್ಟಿದ್ದರೆ ಸಾಕು. ಅದನ್ನು ಇವರ ಕೈಗೇ ಕೊಟ್ಟು ಮಾತಾಡಿಸಿ. ಚೀಟಿಯಲ್ಲಿ ಬೆಕ್ಕಿನ ಗುರುತೊಂದನ್ನು ಮಾತ್ರ ಬರೆಯದೆ ಇಟ್ಟುಕೊಳ್ಳಿ: ಹೊಟ್ಟೆಯ ಮೇಲಿನ ಮಚ್ಚೆ, ಡೊಂಕಾದ ಬಾಲದ ತುದಿ, ಏನಾದರೂ. ಬೆಕ್ಕು ನಮ್ಮ ಬಳಿಯಿದೆ, ಮೊದಲು ಯುಪಿಐಯಲ್ಲಿ ಹಣ ಹಾಕಿ ಎಂದು ಫೋನ್ ಬರುತ್ತದೆ. ಆ ಗುರುತು ಹೇಳಿ ಎಂದು ಕೇಳಿದರೆ ಸಾಕು, ಸಾಮಾನ್ಯವಾಗಿ ಫೋನ್ ಕಟ್ಟಾಗುತ್ತದೆ. ದುಃಖದಲ್ಲಿರುವವರನ್ನು ಹೀಗೆ ದೋಚುವವರ ಬಗ್ಗೆ ನನಗೆ ಬರುವ ಸಿಟ್ಟನ್ನು ಇಲ್ಲಿ ಬರೆಯುವುದು ಬೇಡ.

ಮೈಕ್ರೋಚಿಪ್ ಬಗ್ಗೆ ಕೇಳುವವರಿಗೆ ಒಂದು ಮಾತು. ಚರ್ಮದಡಿ ಇಡುವ ಆ ಅಕ್ಕಿಕಾಳಿನಷ್ಟು ಗಾತ್ರದ ಚಿಪ್ ಬೆಕ್ಕು ಎಲ್ಲಿದೆ ಎಂದು ಹೇಳುವುದಿಲ್ಲ. ಯಾರಾದರೂ ಹಿಡಿದು, ರೀಡರ್ ಇರುವ ಕಡೆಗೆ ಒಯ್ದಾಗ ಯಾರ ಬೆಕ್ಕು ಎಂದಷ್ಟೇ ಹೇಳುತ್ತದೆ. ಹಾಕಿಸಿ, ಒಳ್ಳೆಯದೇ. ಆದರೆ ಎಳೆದರೆ ಬಿಚ್ಚಿಕೊಳ್ಳುವ ಕೊರಳಪಟ್ಟಿ, ಅದರ ಮೇಲೊಂದು ಫೋನ್ ನಂಬರ್ ನಮ್ಮ ಬೀದಿಗಳಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮನೆ ಬದಲಾಯಿಸಿದ ಮೇಲೆ ಕಾಣೆಯಾದ ಬೆಕ್ಕಿನ ದಾರಿ ಬೇರೆ. ಹಳೆಯ ಮನೆ ಒಂದೆರಡು ಕಿಲೋಮೀಟರ್ ದೂರದಲ್ಲಿದ್ದರೆ, ಅಲ್ಲಿಗೇ ಹೊರಟಿರಬಹುದು. ಹೊಸ ಬಾಡಿಗೆದಾರರಿಗೂ ಅಲ್ಲಿನ ನೆರೆಯವರಿಗೂ ಫೋಟೊ ಕೊಟ್ಟಿರಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಗಂಡು ಬೆಕ್ಕು ಬೆದೆಗಾಲದಲ್ಲಿ ದೂರ ಹೋಗುವುದುಂಟು, ಕಾದಾಡಿ ಗಾಯ ಮಾಡಿಕೊಂಡು ಮರಳುವುದೂ ಉಂಟು. ಕಾಡಂಚಿನ ಊರುಗಳಲ್ಲಿ ಚಿರತೆಯ ಸಂಗತಿಯನ್ನು ಮುಚ್ಚಿಡಲಾಗದು. ಅಲ್ಲಿಯವರಿಗೆ ನಾನು ಹೇಳಬೇಕಾದ್ದೂ ಇಲ್ಲ.

ಇನ್ನು ಮನಸ್ಸಿನ ವಿಚಾರ. ಸತ್ತ ಬೆಕ್ಕನ್ನು ಹಿತ್ತಿಲಿನಲ್ಲಿ ಹೂತು, ಮೇಲೊಂದು ಗಿಡ ನೆಟ್ಟು, ಅಳಬಹುದು. ಕಾಣೆಯಾದದ್ದಕ್ಕೆ ಅದೂ ಇಲ್ಲ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಪಾಲಿನ್ ಬಾಸ್ ಎಂಬ ವಿದ್ವಾಂಸೆ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ನಾಪತ್ತೆಯಾದ ಪೈಲಟ್‌ಗಳ ಕುಟುಂಬಗಳೊಂದಿಗೆ ಕೆಲಸ ಮಾಡಿದರು. ಇದ್ದಾರೋ ಇಲ್ಲವೋ ತಿಳಿಯದ ನಷ್ಟದಲ್ಲಿ ಶೋಕ ಮುಂದಕ್ಕೂ ಹೋಗದೆ ಮುಗಿಯಲೂ ಮುಗಿಯದೆ ನಿಂತುಬಿಡುತ್ತದೆ, ತಪ್ಪು ಪರಿಸ್ಥಿತಿಯದ್ದೇ ಹೊರತು ಶೋಕಿಸುವವರ ದೌರ್ಬಲ್ಯವಲ್ಲ ಎಂದು ಅವರು ಕಂಡುಕೊಂಡರು. ಆ ಕುಟುಂಬಗಳ ನೋವನ್ನೂ ಬೆಕ್ಕು ಕಳೆದುಕೊಂಡ ನೋವನ್ನೂ ಸಮ ಎಂದು ನಾನು ತೂಗುತ್ತಿಲ್ಲ. ಆದರೆ ಎರಡರ ನಡೆಯೂ ಒಂದೇ ಬಗೆಯದು. ಒಂದೇ ಮನೆಯಲ್ಲಿ ಅಮ್ಮ ‘ಬಂದೇ ಬರ್ತಾನೆ’ ಎನ್ನುತ್ತಾಳೆ, ಅಪ್ಪ ‘ಇಷ್ಟು ದಿನ ಆಯ್ತು, ಬಿಡು’ ಎನ್ನುತ್ತಾನೆ, ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮುನಿಸು. ಇಬ್ಬರೂ ಒಂದೇ ಸಂಕಟವನ್ನು ಎರಡು ತುದಿಯಿಂದ ಹಿಡಿದಿದ್ದಾರೆ ಅಷ್ಟೇ. ಬರಬಹುದು, ಬಾರದೆಯೂ ಇರಬಹುದು ಎಂಬ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ದಿನದ ಅಡುಗೆ, ಆಫೀಸು ನಡೆಸುವುದನ್ನೇ ಕಲಿಯಬೇಕಾಗುತ್ತದೆ. ಮಕ್ಕಳಿಗೆ ‘ಬೇರೆ ಮನೆಯವರ ಹತ್ತಿರ ಖುಷಿಯಾಗಿದೆ’ ಎಂದು ಕಟ್ಟುಕಥೆ ಹೇಳಬೇಡಿ. ಎಲ್ಲಿದೆ ಎಂದು ನಮಗೂ ಗೊತ್ತಿಲ್ಲ ಪುಟ್ಟಾ, ಹುಡುಕುತ್ತಿದ್ದೇವೆ ಎನ್ನಿ. ಚೀಟಿ ಹಂಚಲು ಜೊತೆಗೆ ಕರೆದೊಯ್ಯಿರಿ.

ಕಾಣೆಯಾದ ನಮ್ಮ ಮನೆಯ ಬೆಕ್ಕು ಕರಿಯ ಮರಳಿ ಬರಲಿಲ್ಲ. ಹುಡುಕುವಷ್ಟು ಹುಡುಕಿದೆವು. ಆತನ ಬಗ್ಗೆ ಕೇಳಿದವರು ಕೆಲವರು, ‘ಒಂದು ಬೆಕ್ಕಿಗೆ ಇಷ್ಟೊಂದಾ?’ ಎಂದವರು ಹಲವರು. ಏಳು ವರ್ಷ ನನ್ನ ಕಾಲ ಬುಡದಲ್ಲಿ ಮಲಗಿದ ಜೀವಕ್ಕೆ ಇಷ್ಟು ಹೆಚ್ಚಲ್ಲ ಎಂದು ಈಗಲೂ ನನಗನಿಸುತ್ತದೆ. ಅವನ ಜಾಗದಲ್ಲಿ ಇನ್ನೊಂದು ತರಬೇಕೇ, ಯಾವಾಗ ಎಂದು ಕೇಳುವವರಿಗೆ ನನ್ನ ಬಳಿ ದಿನಾಂಕವಿಲ್ಲ. ನಾವು ತಂದೆವು, ತಡವಾಗಿ. ಹೊಸದು ಬಂದಿತೆಂದು ಕರಿಯನ ಚೀಟಿಯಲ್ಲಿ ಕೊಟ್ಟಿದ್ದ ಫೋನ್ ನಂಬರಿನ ಸಿಮ್ ತೆಗೆದುಹಾಕಲಿಲ್ಲ.

ಎಷ್ಟು ದಿನ ಹುಡುಕಬೇಕು? 2018ರ ಆ ಅಧ್ಯಯನದಲ್ಲಿ ಮೂರರಲ್ಲಿ ಒಂದು ಪಾಲು ಬೆಕ್ಕುಗಳು ಮೊದಲ ಏಳು ದಿನಗಳಲ್ಲೇ ಸಿಕ್ಕಿದ್ದವು, ಒಂದು ವರ್ಷದೊಳಗೆ ಶೇ 61. ಮೂರು ತಿಂಗಳು ದಾಟಿದ ಮೇಲೆ ಜೀವಂತ ಸಿಕ್ಕಿದ್ದು ಕಡಿಮೆ. ಇದನ್ನು ಹೀಗೆ ಓದಿಕೊಳ್ಳಿ: ಮೊದಲ ವಾರ ಮೈಮುರಿದು ಹುಡುಕಿ, ತಿಂಗಳವರೆಗೆ ರಾತ್ರಿಯ ಸುತ್ತು ಬಿಡಬೇಡಿ, ಮೂರು ತಿಂಗಳವರೆಗೆ ಚೀಟಿಗಳನ್ನು ಹೊಸದಾಗಿ ಅಂಟಿಸುತ್ತಿರಿ. ಆಮೇಲೆ ನಿಲ್ಲಿಸಿದರೆ ಅದು ದ್ರೋಹವಲ್ಲ.

ಸಿಕ್ಕಿತೆಂದುಕೊಳ್ಳೋಣ. ಸಂತೋಷದಲ್ಲಿ ಬಟ್ಟಲು ತುಂಬ ಊಟ ಸುರಿಯಬೇಡಿ. ದಿನಗಟ್ಟಲೆ ಉಪವಾಸವಿದ್ದ ಬೆಕ್ಕಿನ, ಅದರಲ್ಲೂ ಮೊದಲು ದಪ್ಪಗಿದ್ದುದರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತಾಗಬಹುದು. ನೀರು, ಸ್ವಲ್ಪ ಸ್ವಲ್ಪ ಆಹಾರ, ಅದೇ ದಿನ ಪಶುವೈದ್ಯರು. ಮೈಮೇಲೆ ಕಚ್ಚಿದ ಗಾಯವಿದ್ದರೆ ಮುಚ್ಚಿಡದೆ ಹೇಳಿ. ಗಂಡು ಬೆಕ್ಕು ಮೂತ್ರಕ್ಕೆ ಕೂತು ತಿಣುಕುತ್ತಿದ್ದರೆ ರಾತ್ರಿಯಾದರೂ ಕಾಯಬೇಡಿ. ಮನೆಯಲ್ಲಿರುವ ಇನ್ನೊಂದು ಬೆಕ್ಕು ಅದನ್ನು ಕಂಡು ಹಲ್ಲು ಕಿರಿದು ಬುಸುಗುಟ್ಟಬಹುದು. ಮೋರಿ, ಗ್ರೀಸು, ಆಸ್ಪತ್ರೆ ಎಲ್ಲ ಸೇರಿ ಅದರ ವಾಸನೆ ಬದಲಾಗಿರುತ್ತದೆ. ಕೆಲವು ದಿನ ಬೇರೆ ಕೋಣೆಯಲ್ಲಿಟ್ಟು, ಒಂದರ ಹೊದಿಕೆಯನ್ನು ಇನ್ನೊಂದಕ್ಕೆ ಹಾಸಿದರೆ ಸರಿಹೋಗುತ್ತದೆ. ಕಂಬದ ಮೇಲಿನ ಚೀಟಿಗಳನ್ನು ತೆಗೆಯಿರಿ, ಬೀದಿಯವರಿಗೆಲ್ಲ ಸಿಕ್ಕಿದ ಸುದ್ದಿ ತಿಳಿಸಿ. ಅವರಲ್ಲಿ ಕೆಲವರು ನಿಮಗೆ ಹೇಳದೆ ಇನ್ನೂ ಹುಡುಕುತ್ತಿರುತ್ತಾರೆ.